ಧೋಕಾ ಐತಿ, ಆದ್ರ ಯಾವದಕಿಂತ?

ನಮ್ಮ ಸಾಲಿಯ ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಯಾವಾಗಲೂ ಖಾಲಿ ಇರುತ್ತಿತ್ತು. ಅದರಲ್ಲಿ ಕೂರಬೇಕಾದವರು ಅದೇ ರೂಮಿನಲ್ಲೇ ಇರುತ್ತಿದ್ದರು, ಆದರೆ ಕೂರುತ್ತಿರಲಿಲ್ಲ. ಅವರು ವಿಜ್ಞಾನ ಕಲಿಸುವ ಅಕ್ಕೋರು. ಉಳಿದ ನಾವೆಲ್ಲ ಬಿಡುವಿನ ಹೊತ್ತಿನಲ್ಲಿ ಕಾಲು ಚಾಚಿ ಕೂತರೆ ಅವರು ಚಹಾದ ಕಪ್ಪು ಹಿಡಿದುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುವರು. ಹೋಗುತ್ತ ಬರುತ್ತ ಗೋಡೆಯ ಸ್ವಿಚ್ ಬೋರ್ಡಿನ ಮೇಲೆ ಕಣ್ಣಾಡಿಸುವರು. ಬೋರ್ಡಿನ ಸ್ಕ್ರೂ ಸಡಿಲಾಗಿದ್ದರೆ ಚೀಲದಿಂದ ಟೆಸ್ಟರ್ ತೆಗೆದು ಅಲ್ಲೇ ಬಿಗಿಯುವರು. ಅಷ್ಟರಲ್ಲಿ ಚಹಾ ಆರಿ ಹೋಗಿರುತ್ತಿತ್ತು. ಅದನ್ನು ಒಂದೇ ಗುಟುಕಿಗೆ ಕುಡಿದು ಮತ್ತೆ ತಿರುಗಾಟ.

ಅಕ್ಕೋರು ಈ ಚಳಿಗಾಲದಲ್ಲಿ ತೀರಿಕೊಂಡರು. ನಿವೃತ್ತರಾಗಿ ಬಹಳ ದಿನವೇನೂ ಆಗಿರಲಿಲ್ಲ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅವತ್ತಿನಿಂದ ನನಗೂ ಒಂದು ಕಡೆ ಕೂರಲು ಆಗುತ್ತಿಲ್ಲ. ಮೊನ್ನೆ ನಮ್ಮ ಮನೆಯಲ್ಲಿ ಬಚ್ಚಲಿಗೆ ಗ್ಯಾಸಿನ ಗೀಜರ್ ಹಾಕಿಸಬೇಕೋ ಕರೆಂಟಿನದೋ ಎಂದು ವಾದ ಹತ್ತಿತು. ನಮ್ಮ ಯಜಮಾನರು ಒಂದು ಹೇಳಿದರು, ಮೈದುನ ಇನ್ನೊಂದು ಹೇಳಿದ. ನಾನು ಏನೂ ವಿಚಾರ ಮಾಡದೆ ಫೋನು ತೆಗೆದು ಅಕ್ಕೋರ ಹೆಸರು ಹುಡುಕಿದೆ. ಹೆಸರು ಸಿಕ್ಕಿತು. ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಸುಮ್ಮನೆ ತಿರುಗಾಡಿದೆ.

ನಮ್ಮ ಕಡೆ ಅಪಾಯಕ್ಕೆ ಧೋಕಾ ಅನ್ನುತ್ತೇವೆ. ‘ಅದು ಭಾಳ ಧೋಕಾ ಐತ್ರಿ’ ಎಂದು ಯಾರಾದರೂ ಅಂದರೆ ಸಾಕು, ಅಕ್ಕೋರು ತಿರುಗಿ ನಿಂತು ಕೇಳುವರು, ‘ಯಾವದಕಿಂತ?’ ಅದರಲ್ಲಿ ಸಿಟ್ಟಾಗಲಿ ಕುಹಕವಾಗಲಿ ಇರುತ್ತಿರಲಿಲ್ಲ. ಅಂಗಡಿಯಲ್ಲಿ ‘ಯಾವ ಅಕ್ಕಿ ಬೇಕ್ರಿ?’ ಎಂದು ಕೇಳಿದಷ್ಟು ಸಹಜವಾಗಿ ಕೇಳುತ್ತಿದ್ದರು. ಎದುರಿನವರು ಮಾತ್ರ ತಬ್ಬಿಬ್ಬಾಗುವರು. ಧೋಕಾ ಅಂದರೆ ಧೋಕಾ, ಅದಕ್ಕೆ ‘ಕಿಂತ’ ಎಲ್ಲಿಂದ ಬಂತು?

‘ಒಂದು ಬಿಟ್ಟೀರಂದ್ರ ಇನ್ನೊಂದು ಹಿಡೀತೀರಲ್ಲ,’ ಎಂದು ಅಕ್ಕೋರು ಹೇಳುವರು. ‘ಹಿಡಿಯೂದು ಎಂಥಾದ್ದು ಅಂತ ನೋಡ್ಕೊಂಡ ಬಿಡ್ರಿ.’

ನಾನು ಕನ್ನಡ ಕಲಿಸುವವಳು. ಗೋಕಾಕದ ನಮ್ಮ ಮನೆಯಲ್ಲಿ ಒಳಗೆ ಮರಾಠಿ, ಹೊರಗೆ ಕನ್ನಡ. ಅಜ್ಜನ ಕಾಲದಿಂದ ಕಾಳುಕಡಿ ವ್ಯಾಪಾರ. ವಿಜ್ಞಾನ ನನಗೆ ಸಾಲಿಯಲ್ಲೂ ಒಗ್ಗಲಿಲ್ಲ, ಆಮೇಲೂ ಒಗ್ಗಲಿಲ್ಲ. ಆದರೂ ಅಕ್ಕೋರ ಜೊತೆ ನನ್ನ ಗೆಳೆತನ ಬೆಳೆದದ್ದು ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ. ಅವರು ಮದುವೆಯಾಗಿರಲಿಲ್ಲ, ಗೋಕಾಕದಲ್ಲಿ ಒಬ್ಬರೇ ಬಾಡಿಗೆ ಮನೆಯಲ್ಲಿದ್ದರು. ಬೆಳಿಗ್ಗೆ ಇಬ್ಬರೂ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆವು. ಬಸ್ಸಿಗಿಂತ ಮೊದಲು ಕ್ರೂಸರ್ ಗಾಡಿಗಳು ಬರುತ್ತಿದ್ದವು. ಒಳಗೆ ತುಂಬಿ, ಹಿಂದೆ ಬಾಗಿಲಿಗೆ ಜೋತುಬಿದ್ದು, ಮೇಲೂ ಮಂದಿ. ‘ಬರ್ರಿ ಅಕ್ಕೋರ, ಜಾಗಾ ಐತಿ’ ಎಂದು ಡ್ರೈವರ್ ಕೂಗಿದರೆ ಇವರು ಕೈ ಅಲ್ಲಾಡಿಸಿಬಿಡುವರು. ಸಾಲಿಗೆ ತಡವಾದರೂ ಸರಿ, ಹೆಡ್ ಮಾಸ್ತರರು ಮುಖ ಗಂಟಿಕ್ಕಿದರೂ ಸರಿ, ಬಸ್ಸೇ ಆಗಬೇಕು. ಹೀಗಾಗಿ ಸಾಲಿಯಲ್ಲಿ ಅವರಿಗೆ ಅಂಜುಬುರುಕಿ ಎಂಬ ಹೆಸರು ಬಿದ್ದಿತ್ತು.

ಆದರೆ ಮಕ್ಕಳನ್ನು ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದ ದಿವಸ ನಾನು ಬೇರೆಯೇ ಒಬ್ಬರನ್ನು ಕಂಡೆ. ತೂಗುಸೇತುವೆ ಅಲ್ಲಾಡುತ್ತಿತ್ತು, ಹುಡುಗಿಯರು ಚೀರುತ್ತಿದ್ದರು, ನಾನೇ ಕಂಬಿ ಹಿಡಿದು ಕಣ್ಣು ಮುಚ್ಚಿದ್ದೆ. ಅಕ್ಕೋರು ಸಂತೆಯ ದಾರಿಯಲ್ಲಿ ನಡೆದಂತೆ ನಡೆದು ಆಚೆ ದಂಡೆ ಮುಟ್ಟಿದರು. ಸ್ವಲ್ಪ ಹೊತ್ತಿಗೆ ನಮ್ಮ ಹುಡುಗರು ಫೋಟೋ ತೆಗೆಯಲು ನೀರಿನಂಚಿನ ಬಂಡೆಯ ಮೇಲೆ ಹತ್ತಿದರು. ಆಗ ಅಕ್ಕೋರು ಹಾಕಿದ ಕೂಗಿಗೆ ಬೀಳುವ ನೀರಿನ ಸದ್ದೂ ಅಡಗಿದಂತಾಯಿತು. ಒಬ್ಬೊಬ್ಬನನ್ನೂ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ‘ಅಲ್ಲಾಡೂದಕ್ಕ ಅಂಜತೀರಿ, ಜಾರೂದಕ್ಕ ಅಂಜೂದಿಲ್ಲ!’ ಎಂದು ಬೈದರು.

ಪ್ರತಿ ವರ್ಷ ಎಂಟನೆಯ ಇಯತ್ತೆಯ ಮಕ್ಕಳಿಗೆ ಅವರು ಒಂದು ಆಟ ಆಡಿಸುತ್ತಿದ್ದರು. ಅಣುಸ್ಥಾವರ, ಮೊಬೈಲ್ ಟವರ್, ಮೋಟರ್ ಸೈಕಲ್, ಗ್ಯಾಸ್ ಸಿಲಿಂಡರ್, ಕಟ್ಟಿಗೆ ಒಲೆ, ಬಕೆಟಿನಲ್ಲಿ ನೀರು ಕಾಯಿಸುವ ಕರೆಂಟಿನ ರಾಡು, ಬೆಳೆಗೆ ಔಷಧ ಹೊಡೆಯುವ ಪಂಪು. ಇವುಗಳಲ್ಲಿ ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಜಬೇಕು, ಯಾವುದಕ್ಕೆ ಕಡಿಮೆ ಎಂದು ಕೇಳುವರು. ಮಕ್ಕಳು ಅಣುಸ್ಥಾವರ, ಟವರ್ ಎಂದು ಒಂದೇ ಧ್ವನಿಯಲ್ಲಿ ಕೂಗುವರು. ರಾಡನ್ನು ಕೊನೆಗೆ ಹಾಕುವರು, ಒಲೆಯನ್ನಂತೂ ಮರೆತೇಬಿಡುವರು. ಆಮೇಲೆ ಅಕ್ಕೋರು ದನಿ ಇಳಿಸಿ ಕೇಳುವರು, ‘ನಿಮ್ಮ ಮನ್ಯಾಗ, ಓಣ್ಯಾಗ, ಯಾವದರಿಂದ ಯಾರಿಗಿ ಏನಾಗೇತಿ?’ ಕೈಗಳು ಮೇಲೇಳುತ್ತಿದ್ದವು. ಒಬ್ಬಳ ಅವ್ವ ರಾಡಿನ ನೀರಿಗೆ ಕೈ ಹಾಕಿದ್ದಳು. ಒಬ್ಬನ ಕಾಕಾ ಔಷಧ ಹೊಡೆದು ಬಂದು ಹೊಲದ ಬದುವಿನಲ್ಲೇ ಬಿದ್ದಿದ್ದ. ಮೋಟರ್ ಸೈಕಲ್ ಎಂದಾಗ ತರಗತಿಯ ಅರ್ಧದಷ್ಟು ಕೈಗಳು ಮೇಲಿರುತ್ತಿದ್ದವು. ಪಕ್ಕದ ಕೋಣೆಯಲ್ಲಿ ಪದ್ಯ ಹೇಳಿಕೊಡುತ್ತಿದ್ದ ನನಗೆ ಆ ಹೊತ್ತಿನ ಮೌನ ಗೋಡೆಯಾಚೆಯಿಂದ ತಿಳಿಯುತ್ತಿತ್ತು.

ಇದೆಲ್ಲ ಮಕ್ಕಳ ಎದುರು ನಡೆಯಿತು. ದೊಡ್ಡವರ ಎದುರು ನಡೆಯಲಿಲ್ಲ. ಸಾಲಿಯ ಹಿಂದಿನ ಗಲ್ಲಿಯಲ್ಲಿ ಒಂದು ಮಾಳಿಗೆಯ ಮೇಲೆ ಮೊಬೈಲ್ ಟವರ್ ನಿಲ್ಲಿಸುತ್ತಾರೆಂದು ಸುದ್ದಿ ಬಂದಾಗ ಪಾಲಕರೆಲ್ಲ ಸೇರಿ ಸಭೆ ಕರೆದರು. ಒಬ್ಬರು ಎದ್ದು ನಿಂತು, ‘ಮಕ್ಕಳಿಗೆ ಧೋಕಾ ಐತ್ರಿ. ಸಾಲ್ಯಾರು ಸಹಿ ಮಾಡಿ ವಿರೋಧ ಮಾಡಬೇಕು’ ಎಂದರು.

‘ಯಾವದಕಿಂತ್ರಿ?’ ಎಂದರು ಅಕ್ಕೋರು. ನಾನು ಅವರ ಸೆರಗು ಜಗ್ಗಿದೆ. ಅವರು ಬಿಡಿಸಿಕೊಂಡರು.

‘ಹಂಗಂದ್ರ?’

‘ನೀವು ಈಗ ಮೀಟಿಂಗಿಗಿ ಹೆಂಗ ಬಂದ್ರಿ?’

‘ಗಾಡಿ ಮ್ಯಾಲ.’

‘ಮಗನ್ನ ಮುಂದ ಪೆಟ್ರೋಲ್ ಟಾಕಿ ಮ್ಯಾಲ ಕುಂಡ್ರಿಸಿಕೊಂಡು, ಫೋನ್ ಕಿವಿಗೂ ಹೆಗಲಿಗೂ ನಡುವ ಸಿಗಿಸಿಕೊಂಡು ಬಂದ್ರಿ. ನಾ ನೋಡಿದ್ನಿ.’

ಮಂದಿ ನಕ್ಕರು. ಆ ಮನುಷ್ಯನ ಮುಖ ಕೆಂಪಾಯಿತು. ಅಕ್ಕೋರಿಗೆ ನಗಿಸುವುದು ಬೇಕಿರಲಿಲ್ಲ. ಅವರು ಅವಸರವಾಗಿ ಮುಂದುವರಿಸಿದರು, ‘ಟವರಿಂದ ಏನೂ ಆಗೂದ ಇಲ್ಲ ಅಂತ ನಾ ಹೇಳಾಕತ್ತಿಲ್ರಿ. ಆದ್ರ ತಿಳಿದ ಮಟ್ಟಿಗಿ ಅದು ಸಣ್ಣದು. ಅಳದಾರ, ಅದಕ್ಕ ಹದ್ದ ಹಾಕ್ಯಾರ. ನಮ್ಮ ಬಯಲಿನ ಮ್ಯಾಲ ವಾಯರ್ ಜೋತು ಬಿದ್ದೈತಲ್ಲ, ಅದನ್ನ ಯಾರ ಅಳದಾರ? ಹುಡುಗರು ಅದರ ಕೆಳಗ ಆಡತಾರ. ಇಷ್ಟ ಮಂದಿ ಕೂಡೀರಿ, ಅದಕ್ಕೂ ಒಂದು ಅರ್ಜಿ ಕೊಡೋಣ್ರಿ.’

ಹಿಂದಿನ ಸಾಲಿನಿಂದ ಯಾರೋ, ‘ಕಂಪನ್ಯಾರು ಅಕ್ಕೋರಿಗಿ ಏನರೆ ಕೊಟ್ಟಿರಬೇಕು’ ಎಂದರು. ಆ ಮಾತಿಗೆ ಯಾರೂ ನಗಲಿಲ್ಲ, ಹಾಗನ್ನಬೇಡಿ ಎಂದು ಯಾರೂ ತಡೆಯಲೂ ಇಲ್ಲ. ಅಕ್ಕೋರು ಕಿಟಕಿಯ ಕಡೆ ಹೋಗಿ ಹೊರಗೆ ನೋಡುತ್ತ ನಿಂತರು. ಟವರ್ ಬೇರೆ ಗಲ್ಲಿಗೆ ಹೋಯಿತು. ಅಲ್ಲಿಯೂ ಮಕ್ಕಳಿದ್ದರು. ವಾಯರು ಮಾತ್ರ ಅಲ್ಲೇ ಉಳಿಯಿತು. ಅದನ್ನು ಎತ್ತರಿಸುವ ತನಕ ಅಕ್ಕೋರು ಕರೆಂಟಿನ ಆಫೀಸಿಗೆ ಎಡತಾಕಿದರು. ಲೈನ್‌ಮನ್ನರು ಬಂದು ಕಂಬ ನೆಟ್ಟಗೆ ಮಾಡಿದ ದಿವಸ ಸಾಲಿಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಈ ಹಟ ಅವರಿಗೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ತಡವಾಗಿ. ಒಂದು ಸಂಜೆ ಬಸ್ಸು ಕೆಟ್ಟು ಮೇಲವಂಕಿಯ ಹತ್ತಿರ ನಿಂತಿತ್ತು. ಎಲ್ಲರೂ ಇಳಿದು ಗಿಡದ ನೆರಳಿನಲ್ಲಿ ಕೂತರು. ಅಕ್ಕೋರು ರಸ್ತೆಯ ಬಾಜೂಕೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ನನ್ನನ್ನೂ ನಡೆಸುತ್ತ ಹೇಳಿದರು.

ಅವರ ತವರು ಹುಕ್ಕೇರಿ ತಾಲೂಕಿನ ದಡ್ಡಿ. ಕುರಿ ಕಾಯುವ ಮನೆತನ. ಈಗ ಕಬ್ಬು, ಗೋವಿನಜೋಳವೂ ಇದೆ, ಹಿಂಡೂ ಇದೆ. ಅವರ ಅವ್ವ ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಮದುವೆಯಾಗಿ ಬಂದಂದಿನಿಂದ ರೊಟ್ಟಿ ಬಡಿದವಳು. ಕೆಮ್ಮು ಹತ್ತಿತು, ಹೋಗಲೇ ಇಲ್ಲ. ಕೊನೆಗೆ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಾಗ ಡಾಕ್ಟರರು ಎಕ್ಸ್‌ರೇ ಬೆಳಕಿಗೆ ಹಿಡಿದು, ‘ಅಜ್ಜಿ ಬೀಡಿ ಸೇದತಾರೇನು?’ ಎಂದು ಕೇಳಿದರಂತೆ.

‘ನಮ್ಮವ್ವಗ ಎಷ್ಟ ಅಪಮಾನ ಆತು ಅಂತಿ! ಡಾಕ್ಟರ್ ಮಾರಿ ನೋಡಲಿಲ್ಲ ಮತ್ತ. ಮನಿಗಿ ಬಂದ ಮ್ಯಾಲೂ ಅದನ್ನ ಅಂತಿದ್ಲು, ನನ್ನ ಬೀಡಿ ಸೇದಾಕಿ ಅಂದ್ರು, ಬೀಡಿ ಸೇದಾಕಿ ಅಂದ್ರು ಅಂತ. ಆ ವರ್ಷಾನ ಹೋದ್ಲು. ಒಲಿ ಆಕೀನ ಕೊಂದಿತು. ಆದ್ರ ಒಲಿಗಿ ಯಾರೂ ಧೋಕಾ ಅನ್ನಂಗಿಲ್ಲ ನೋಡು. ಅದು ದಿನಾ ಒಂದೀಟ ಒಂದೀಟ ಕೊಲ್ಲತೈತಿ. ಸದ್ದ ಮಾಡೂದಿಲ್ಲ.’

ಅವ್ವ ಹೋದ ಮೇಲೆ ಆ ಅಡಿಗೆಮನೆ ಅಕ್ಕೋರ ವೈನಿಯ ಪಾಲಾಗಿತ್ತು, ಅಂದರೆ ಅವರ ಅಣ್ಣನ ಹೆಂಡತಿಯ ಪಾಲು. ಅಕ್ಕೋರು ಆ ಮನೆಗೆ ಗ್ಯಾಸ್ ತಂದರು. ಅಣ್ಣನಿಗೆ ಒಂದಿಷ್ಟೂ ಮನಸ್ಸಿರಲಿಲ್ಲ. ವೈನಿಯೂ ಅಂಜಿದ್ದರು. ಸಿಲಿಂಡರ್ ಅಂದರೆ ಮನೆಯೊಳಗೆ ಬಾಂಬು ಇಟ್ಟಂತೆ ಎಂದು ಓಣಿಯಲ್ಲೆಲ್ಲ ಮಾತು. ಅಕ್ಕೋರು ರಜೆ ಹಾಕಿ ಅಲ್ಲೇ ಉಳಿದು, ಹೊಗೆಯ ಧೋಕಾ ಎಷ್ಟು, ಗ್ಯಾಸಿನ ಧೋಕಾ ಎಷ್ಟು ಎಂದು ತಿಳಿಸಿ ಹೇಳಿ, ಹಚ್ಚುವುದು ಆರಿಸುವುದು ಕಲಿಸಿ, ‘ವಾಸನಿ ಬಂದ್ರ ಕಡ್ಡಿ ಗೀರಬ್ಯಾಡ, ಕಿಡಕಿ ತೆಗಿ’ ಎಂದು ಪಾಠ ಮಾಡಿ ಬಂದರು. ಅವರೇ ಅಡಿಗೆಮನೆಗೆ ಕಿಟಕಿ ಹಾಕಿಸಿದ್ದರು. ವೈನಿಯನ್ನು ನೋಡಿ ಓಣಿಯ ಹತ್ತಾರು ಮನೆಯವರು ಗ್ಯಾಸ್ ತಂದರು. ಆ ಸಂಜೆ ರಸ್ತೆಯ ಮೇಲೆ ಇದನ್ನು ಹೇಳುವಾಗ ಅಕ್ಕೋರ ಮುಖದಲ್ಲಿ ಇದ್ದ ಬೆಳಕನ್ನು ನಾನು ಮತ್ತೆ ಕಾಣಲಿಲ್ಲ.

ಮುಂದಿನ ಚಳಿಗಾಲದಲ್ಲಿ, ಮೊದಲನೆಯ ಪಿರಿಯಡ್ ನಡೆದಿದ್ದಾಗ, ಅಣ್ಣನ ಫೋನು ಬಂತು. ಅಕ್ಕೋರು ತರಗತಿಯಿಂದ ಹೊರಗೆ ಬಂದು ಕಂಬ ಹಿಡಿದು ನಿಂತದ್ದನ್ನು ಕಂಡು ನಾನು ಓಡಿದೆ. ಇಲಿ ಗ್ಯಾಸಿನ ಪೈಪನ್ನು ಕಡಿದಿತ್ತು. ರಾತ್ರಿಯೆಲ್ಲ ಸೋರಿತ್ತು. ಬೆಳಿಗ್ಗೆ ವೈನಿ ಕಡ್ಡಿ ಗೀರಿದ್ದರು. ಬೆಳಗಾವಿಗೆ ಒಯ್ದಿದ್ದಾರೆ, ಕೈ, ಕುತ್ತಿಗೆ, ಮುಖದ ಒಂದು ಮಗ್ಗಲು ಸುಟ್ಟಿದೆ.

ಹೊರಗೆ ರಸ್ತೆಗೆ ಬಂದೆವು. ಬಸ್ಸು ಇರಲಿಲ್ಲ. ಒಂದು ಕ್ರೂಸರ್ ಬಂತು, ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಕ್ಕೋರು ಒಂದು ಕೈಯಲ್ಲಿ ಕಂಬಿ ಹಿಡಿದು ಹಿಂದಿನ ಪಾವಟಿಗೆಯ ಮೇಲೆ ಹತ್ತಿ ನಿಂತುಬಿಟ್ಟರು. ‘ಹತ್ತು’ ಎಂದರು ನನಗೆ. ನಾನು ಹತ್ತಿದೆ. ಗೋಕಾಕ ಬರುವ ತನಕ ಅವರ ಸೆರಗು ಗಾಳಿಗೆ ನನ್ನ ಮುಖಕ್ಕೆ ಬಡಿಯುತ್ತಿತ್ತು, ಅವರು ಅದನ್ನು ಸರಿಪಡಿಸಿಕೊಳ್ಳಲೂ ಇಲ್ಲ.

ಬೆಳಗಾವಿಯ ದವಾಖಾನೆಯಲ್ಲಿ, ಓಣಿಯಂಥ ಉದ್ದನೆಯ ಪಡಸಾಲೆಯಲ್ಲಿ, ಅಣ್ಣ ನೆಲದ ಮೇಲೆ ಕೂತಿದ್ದರು. ಹೆಗಲ ಮೇಲೆ ಕಂಬಳಿ ಹಾಗೇ ಇತ್ತು, ಅದರ ಅಂಚು ಸುಟ್ಟಿತ್ತು. ಅದೇ ಕಂಬಳಿಯಿಂದ ಬೆಂಕಿ ಆರಿಸಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ತಂಗಿಯ ಮುಖ ನೋಡಿ, ‘ನೀ ಹೇಳಿದ್ದಿ ಅಂತ ಇಟ್ಕೊಂಡ್ವಿ’ ಎಂದರು. ಅಷ್ಟೇ.

ಆ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಅಕ್ಕೋರು ಆ ದಿನ ತಿರುಗಿದ್ದನ್ನು ನೋಡಿ ನರ್ಸಮ್ಮ ಕೂಡ, ‘ಕೂಡ್ರಿ ಬಾಯೇರ, ನಿಮಗ ಚಕ್ಕರ ಬರತೈತಿ’ ಎಂದಳು. ಹಿಂದಿರುಗುವ ದಾರಿಯಲ್ಲಿ ಒಮ್ಮೆ ಮಾತ್ರ ನನ್ನ ಕಡೆ ತಿರುಗಿ ಹೇಳಿದರು: ‘ನನ್ನ ಲೆಕ್ಕ ತಪ್ಪಿಲ್ಲ. ಈಗೂ ಕೇಳಿದ್ರ ಹೊಗೀನ ಹೆಚ್ಚು ಮಂದೀನ ಕೊಲ್ಲತೈತಿ ಅಂತೇನಿ. ಆದ್ರ ವೈನಿ ಮಾರಿ ಮುಂದ ನಿಂತು ಅದನ್ನ ಹೆಂಗ ಹೇಳಲಿ?’

ಓಣಿಯ ಸಿಲಿಂಡರುಗಳೆಲ್ಲ ಹೊರಗೆ ಬಂದವು. ಕೆಲವು ದನದ ಕೊಟ್ಟಿಗೆ ಸೇರಿದವು. ಹಳೆಯ ಒಲೆಗಳಿಗೆ ಮತ್ತೆ ಮಣ್ಣು ಮೆತ್ತಿದರು. ಅಕ್ಕೋರು ತವರಿಗೆ ಹೋದರೆ ಹೆಂಗಸರು ಮಾತಾಡದೆ ಒಳಗೆ ಹೋಗುತ್ತಿದ್ದರಂತೆ. ಸುದ್ದಿ ಮೂಡಲಗಿಗೂ ಬಂತು. ಟವರ್ ಸಭೆಯಲ್ಲಿ ಮುಖ ಕೆಂಪಾಗಿಸಿಕೊಂಡ ಆ ಪಾಲಕರು ಒಂದು ದಿವಸ ಸಾಲಿಯ ಗೇಟಿನಲ್ಲಿ ಎದುರಾಗಿ, ‘ಈಗ ಕೇಳ್ರಿ ಅಕ್ಕೋರ, ಯಾವದಕಿಂತ?’ ಎಂದರು. ಅಕ್ಕೋರು ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡು ತರಗತಿಗೆ ನಡೆದರು. ಆ ವರ್ಷ ಎಂಟನೆಯ ಇಯತ್ತೆಯಲ್ಲಿ ಆ ಆಟ ನಡೆಯಲಿಲ್ಲ.

ವೈನಿ ಮನೆಗೆ ಬಂದ ಮೇಲೆ ಅಕ್ಕೋರು ನೋಡಲು ಹೋಗುವಾಗ ನನ್ನನ್ನು ಜೊತೆಗೆ ಕರೆದರು. ಒಬ್ಬರೇ ಹೋಗುವ ಧೈರ್ಯವಿರಲಿಲ್ಲ ಎಂದು ಈಗ ಅನಿಸುತ್ತದೆ. ವೈನಿ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದರು. ಬೆರಳುಗಳ ಮೇಲೆ ಹೊಸ ಚರ್ಮ ಹೊಳೆಯುತ್ತಿತ್ತು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಅಕ್ಕೋರು ಅಂಗಳದ ಅಂಚಿನಲ್ಲೇ ನಿಂತರು.

‘ಯಾಕ ಅಲ್ಲೇ ನಿಂತಿ? ಪರಕೀಯರ ಮನ್ಯೇನು?’ ಎಂದರು ವೈನಿ.

ಅಕ್ಕೋರು ಹತ್ತಿರ ಹೋಗಿ ನೆಲಕ್ಕೆ ಕೂತು, ತಡೆದುಕೊಂಡಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿಬಿಟ್ಟರು: ‘ವೈನಿ, ವಾಸನಿ ಬರಲಿಲ್ಲೇನು?’

ವೈನಿ ತಮ್ಮ ಕೈಗಳನ್ನು ನೋಡಿಕೊಂಡರು. ‘ಮರಿ ಹಾಕಿತ್ತು ಕುರಿ. ಥಂಡಿ ಭಾಳಿತ್ತಲ್ಲ, ಮರೀನ ತಂದು ಅಡಗಿಮನ್ಯಾಗ ಮಲಗಿಸಿದ್ನಿ. ಅದಕ್ಕಂತ ಕಿಡಕಿ ಮುಚ್ಚಿದ್ನಿ. ಒಳಗ ಹಸಿ ಮರಿ ವಾಸನಿ, ತೊಯ್ದ ಕಂಬಳಿ ವಾಸನಿ. ಏನೋ ನಾರಾಕತ್ತೈತಿ ಅಂತ ಅನಿಸಿತು ತಂಗಿ. ಮರೀದ ಇರಬೇಕು ಅಂದ್ಕೊಂಡ್ನಿ.’

ಅಕ್ಕೋರು ಕೂತಲ್ಲಿಂದ ಎದ್ದರು. ಅಡಿಗೆಮನೆಯ ಒಳಗೆ ಹೋದರು, ಹೊರಗೆ ಬಂದರು, ಗೋಡೆಯ ಸುತ್ತ ನಡೆದರು. ಅವರಿಗೆ ಆಗ ತಿಳಿದದ್ದನ್ನು ಅವರು ಬಸ್ಸಿನಲ್ಲಿ ನನಗೆ ಬಿಡಿಸಿ ಹೇಳಿದರು. ಅವರು ಹೊಗೆಯನ್ನು ಗ್ಯಾಸಿಗೆ ಹೋಲಿಸಿದ್ದರು. ಆ ಮನೆಯಲ್ಲಿ ಕುರಿಮರಿಯೂ ಮಲಗುತ್ತದೆ, ಚಳಿಯೂ ಇರುತ್ತದೆ, ಕಿಟಕಿ ಮುಚ್ಚಲು ಒಂದು ಒಳ್ಳೆಯ ಕಾರಣವೂ ಇರುತ್ತದೆ ಎಂಬುದು ಅವರ ಹೋಲಿಕೆಯಲ್ಲಿ ಬಂದಿರಲಿಲ್ಲ. ‘ಅದ ಮನ್ಯಾಗ ಹುಟ್ಟಿ ಬೆಳೆದಾಕಿ ನಾ. ಮರಿ ಜೋಡಿ ಮಲಗಿದಾಕಿ. ಕಾಲೇಜಿನ್ಯಾಗ ಕಲಿತದ್ದು ನೆನಪಿತ್ತು, ಅದು ನೆನಪಾಗಲಿಲ್ಲ.’

ಆಮೇಲೆ ಶುರುವಾಯಿತು ಅವರ ಭಾನುವಾರದ ತಿರುಗಾಟ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂಡುತ್ತದೆ. ಆದ್ದರಿಂದ ಅಡಿಗೆಮನೆಯ ಗೋಡೆಯಲ್ಲಿ ನೆಲಕ್ಕೆ ಹತ್ತಿ ಒಂದು ಕಿಂಡಿ ಬೇಕು, ಇಲಿ ಬರದಂತೆ ಅದಕ್ಕೆ ಜಾಳಿಗೆ ಬೇಕು. ಮೊದಲು ಅಣ್ಣನ ಮನೆಯ ಗೋಡೆ ಕೊರೆಸಿದರು. ಗ್ಯಾಸು ಒಳಗೆ ಬರಲಿಲ್ಲ, ಬರೀ ಕಿಂಡಿ. ಅಣ್ಣ ತಡೆಯಲಿಲ್ಲ. ಬಳಿಕ ಮನೆಮನೆಗೆ ಹೋದರು. ಒಂದು ಮನೆಯ ಮುದುಕಿ ಹೊಸ್ತಿಲಲ್ಲಿ ನಿಂತು, ‘ಒಬ್ಬಾಕೀನ ಸುಟ್ಟದ್ದು ಸಾಲಲಿಲ್ಲೇನು ನಿನಗ? ತುಗೊಂಡ ಹೋಗು ನಿನ್ನ ಶಾಣ್ಯಾತನ’ ಎಂದು ಕೂಗಿದಳು. ನಾನು ಅಲ್ಲಿಂದಲೇ ಹಿಂದಿರುಗೋಣ ಎಂದೆ. ಅಕ್ಕೋರು ಮುದುಕಿಯನ್ನು ಕೇಳಿದರು, ‘ಖರೆ ಐತಿ ಅಜ್ಜಿ. ನಿಮಗ ಯಾವದರ ಅಂಜಿಕಿ ಭಾಳ, ಅದನ್ನರೆ ಹೇಳ್ರಿ.’

ಹಿಂದಿನ ಪ್ರಶ್ನೆ ಹೋಗಿ ಆ ಜಾಗಕ್ಕೆ ಈ ಪ್ರಶ್ನೆ ಬಂದಿತ್ತು. ಮುದುಕಿಗೆ ಗ್ಯಾಸಿನ ಅಂಜಿಕೆ ಹೆಚ್ಚು. ಸರಿ, ಗ್ಯಾಸು ಬೇಡ. ‘ಹೊಗಿ ಹೊರಗ ಹೋಗಾಕ ಮಾಳಗಿಗಿ ಒಂದು ಕೊಳವಿ ಹಾಕಿಸೋಣ್ರಿ, ಕಣ್ಣ ಉರಿಯೂದು ಕಡಿಮಿ ಆಗತೈತಿ.’ ಅಷ್ಟಕ್ಕೆ ಮುದುಕಿ ಒಪ್ಪಿದಳು. ಇನ್ನೊಂದು ಮನೆಯಲ್ಲಿ ಹೊಗೆಯೇ ಬೇಡವೆಂದರು, ಅಲ್ಲಿ ಕಿಂಡಿಯೂ ಹೊಸ ಪೈಪೂ. ಮೊದಲಿನ ಅಕ್ಕೋರಾಗಿದ್ದರೆ ಯಾವುದು ಉತ್ತಮ ಎಂದು ಗೆದ್ದು ಬರುತ್ತಿದ್ದರು. ಈಗ ಯಾವುದನ್ನು ಬಿಡಲು ಮಂದಿಗೆ ಮನಸ್ಸಿಲ್ಲವೋ ಅದರ ಹಲ್ಲನ್ನು ಇಷ್ಟಿಷ್ಟು ಮೊಂಡು ಮಾಡುತ್ತ ತಿರುಗುತ್ತಿದ್ದರು. ಆದರೆ ಅವರ ಕಾಲಿಗೆ ಸಮಾಧಾನ ಬರಲಿಲ್ಲ. ಒಂದು ಮನೆಯ ಕಿಂಡಿ ಆದರೆ ಇನ್ನೊಂದರ ಪೈಪು, ಅದಾದರೆ ಮತ್ತೊಂದರ ಕೊಳವೆ. ಹಬ್ಬದ ದಿವಸವೂ ದಡ್ಡಿಯ ಬಸ್ಸಿನಲ್ಲೇ.

ಒಂದು ಮಧ್ಯಾಹ್ನ ನಾವು ಹೋದಾಗ ವೈನಿ ಹೊಗೆಯೊಳಗಿಂದ ಕಣ್ಣೊರಸಿಕೊಳ್ಳುತ್ತ ಹೊರಗೆ ಬಂದರು. ಹೊಸ ಚರ್ಮಕ್ಕೆ ಒಲೆಯ ಝಳ ತಾಳುತ್ತಿರಲಿಲ್ಲ. ಊದುಗೊಳವೆ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ‘ತಂಗಿ, ಆ ಸಿಲಿಂಡರ್ ಒಳಗ ತರಸು. ಹಾಲು ಚಹಾಕ್ಕರೆ ಆಗಲಿ’ ಎಂದರು.

ತಂದರು. ಹೊಸ ಪೈಪು ಹಾಕಿ ಸಾಬೂನಿನ ನೀರು ಸವರಿ ಗುಳ್ಳೆ ಬರುತ್ತದೆಯೋ ಎಂದು ನೋಡಿದರು. ಕಿಟಕಿ ತೆರೆದರು, ಕಿಂಡಿ ನೋಡಿದರು. ಎಲ್ಲ ಸರಿಯಾಯಿತು. ‘ನೀ ಹಚ್ಚು, ನಾ ನೋಡತೇನಿ’ ಎಂದರು ವೈನಿ.

ಅಕ್ಕೋರು ಲೈಟರ್ ಹಿಡಿದು ನಿಂತರು. ಹಚ್ಚಲಿಲ್ಲ. ‘ವೈನಿ, ನಾ ನಮ್ಮ ಮನ್ಯಾಗ ಹಚ್ಚೇ ಇಲ್ಲ. ಆ ದಿವಸದಿಂದ ಕರೆಂಟಿನ ಒಲಿ ಮ್ಯಾಲ ಮಾಡ್ಕೊಳ್ಳಾಕತ್ತೇನಿ. ಎಲ್ಲಾರಿಗೂ ಹೇಳತೇನಿ, ನನ್ನ ಕೈಲಿ ಆಗವಲ್ದು.’

ನನಗೂ ಇದು ಗೊತ್ತಿರಲಿಲ್ಲ. ವೈನಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಸುಟ್ಟ ಕೆನ್ನೆ ಜಗ್ಗುವಂತೆ ಜೋರಾಗಿ ನಕ್ಕುಬಿಟ್ಟರು. ‘ಸುಟ್ಟದ್ದು ನನಗ, ಅಂಜಿಕಿ ಆಗಿದ್ದು ನಿನಗ! ಶಿವನೇ!’ ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ಅಕ್ಕೋರೂ ಅತ್ತರು. ವೈನಿ ಲೈಟರ್ ತೆಗೆದುಕೊಳ್ಳಲು ನೋಡಿದರು, ಬೆರಳು ಬಿಗಿ ಹಿಡಿಯಲಿಲ್ಲ. ಕೊನೆಗೆ ವೈನಿ ಅಂಗೈಯಿಂದ ಗುಂಡಿ ತಿರುಗಿಸಿದರು, ಅಕ್ಕೋರು ಮುಖ ಹಿಂದಕ್ಕೆ ಹೊರಳಿಸಿ ಲೈಟರ್ ಒತ್ತಿದರು. ಜ್ವಾಲೆ ಹತ್ತಿತು. ನಾವು ಮೂವರೂ ಅದನ್ನು ನೋಡುತ್ತ ನಿಂತೆವು. ಹೊರಗಿನಿಂದ ಬಂದ ಅಣ್ಣ ಬಾಗಿಲಲ್ಲಿ ನಿಂತು ನೋಡಿದರು, ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತು, ‘ನನಗೂ ಒಂದೀಟ ಚಹಾ ಇಡ್ರಿ’ ಎಂದರು.

ರೊಟ್ಟಿ ಮಾತ್ರ ಕೊಳವೆ ಹಾಕಿದ ಕಟ್ಟಿಗೆ ಒಲೆಯ ಮೇಲೇ ಆಗುತ್ತಿತ್ತು, ವೈನಿಯ ಸೊಸೆ ಬಡಿಯುತ್ತಿದ್ದಳು. ಅಕ್ಕೋರು ಅದಕ್ಕೆ ಬೇಡ ಅನ್ನಲಿಲ್ಲ.

ಅಕ್ಕೋರನ್ನು ಮಣ್ಣು ಮಾಡಲು ದಡ್ಡಿಗೇ ಒಯ್ದರು. ಕಾರ್ಯ ಮುಗಿದ ಮೇಲೆ ಮಂದಿಯೆಲ್ಲ ಅಂಗಳದಲ್ಲಿ ಕೂತರು. ನನಗೆ ಕೂರಲಾಗಲಿಲ್ಲ. ಓಣಿಯಲ್ಲಿ ನಡೆದೆ. ಮನೆಮನೆಯ ಗೋಡೆಯಲ್ಲಿ ನೆಲಕ್ಕೆ ಹತ್ತಿ ಅಂಗೈಯಗಲದ ಕಿಂಡಿಗಳು ಕಾಣುತ್ತಿದ್ದವು. ಕೆಲವು ತೆರೆದಿದ್ದವು. ಒಂದರ ಜಾಳಿಗೆ ಹರಿದಿತ್ತು. ಒಂದು ಕಿಂಡಿಗೆ ಹಳೆಯ ಸೀರೆಯ ಚಿಂದಿಯನ್ನು ಒತ್ತಿ ತುಂಬಿದ್ದರು.

ನಾನು ಬಗ್ಗಿ ಆ ಚಿಂದಿಯನ್ನು ಎಳೆದು ತೆಗೆದೆ. ಒಳಗಿನಿಂದ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ಹೆಣ್ಣುಮಗಳು ಹೊರಗೆ ಬಂದಳು.

‘ಅದನ್ಯಾಕ ತೆಗದ್ರಿ? ಥಂಡಿ ಬರತೈತಿ, ಕೂಸು ಕೆಮ್ಮಾಕತ್ತೈತಿ.’

ಕೂಸು ನಿಜವಾಗಿಯೂ ಕೆಮ್ಮುತ್ತಿತ್ತು. ‘ಗ್ಯಾಸ್ ಹಚ್ಚುವಾಗರೆ ತೆಗೀತೀರಿಲ್ಲೋ?’ ಎಂದೆ.

‘ಅಕ್ಕೋರು ಇದ್ದಾಗ ತೆಗೀತಿದ್ವಿರಿ. ಬಂದು ಬೈತಿದ್ರು.’

‘ಕೂಸಿನ್ನ ರಾತ್ರಿ ಎಲ್ಲಿ ಮಲಗಸ್ತೀರಿ?’

‘ಇಲ್ಲೇ, ಒಲಿ ಬಾಜೂಕ. ಬೆಚ್ಚಗಿರತೈತಿ.’

‘ನಡುಮನ್ಯಾಗ ಮಲಗಿಸಿದ್ರ?’

ಆಕೆ ಹಿಂದಕ್ಕೆ ತಿರುಗಿ ನಡುಮನೆಯ ಕಡೆ ನೋಡಿದಳು, ಲೆಕ್ಕ ಹಾಕುವಂತೆ. ‘ಅಲ್ಲಿ ಮಾಂವ ಮಲಗತಾರ,’ ಎಂದಳು. ‘ಕೇಳಿ ನೋಡಬೇಕು.’

ನಾನು ಚಿಂದಿಯನ್ನು ಮಡಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಒಮ್ಮೆ ಕಿಂಡಿಯನ್ನು, ಒಮ್ಮೆ ಕೂಸನ್ನು ನೋಡಿದಳು. ನಾನು ಓಣಿಯ ತಿರುವಿಗೆ ಬಂದು ಹೊರಳಿ ನೋಡಿದಾಗ ಇನ್ನೂ ಅಲ್ಲೇ ನಿಂತಿದ್ದಳು, ಕಿಂಡಿ ತೆರೆದೇ ಇತ್ತು. ‘ಮಾಂವಾ,’ ಎಂದು ನಡುಮನೆಯ ಕಡೆ ಮುಖ ಮಾಡಿ ಕರೆಯುತ್ತಿದ್ದಳು.